ದೂರದ ದೊರೆಗಳು, ನಡುವಿನ ದಾರಿ: ಗಡಿನಾಡು ಕಂಡ ರಾಯಭಾರಿಗಳು



ಇವತ್ತಿನ ವಿಷಯ ರಾಯಭಾರಿಗಳ ಚರಿತ್ರೆ. ದಿಲ್ಲಿಯಲ್ಲಿಯೋ ಬೆಂಗಳೂರಿನಲ್ಲಿಯೋ ಮಾತನಾಡಬೇಕಾದ ವಿಷಯವನ್ನು ಈ ಗಡಿನಾಡಿಗೇಕೆ ತಂದಿರಿ ಎಂದು ಕೆಲವರಿಗೆ ಅನಿಸಬಹುದು. ಉಮರ್ಗಾದಿಂದ ಬಸವಕಲ್ಯಾಣಕ್ಕೆ ಹೆದ್ದಾರಿಯಲ್ಲಿ ಎಷ್ಟು ಹೊತ್ತಿನ ದಾರಿ ಎಂಬುದು ನಿಮಗೆ ಗೊತ್ತು. ಉದಗೀರದವರಿಗೆ, ನಿಲಂಗಾದವರಿಗೆ ಬೀದರ್ ಸಂತೆಗೆ, ದವಾಖಾನೆಗೆ, ಬೀಗರ ಮನೆಗೆ ಹೋಗಿ ಬರುವ ಊರು. ಈ ಎರಡೂ ಊರುಗಳು ಒಂದು ಕಾಲಕ್ಕೆ ರಾಜಧಾನಿಗಳಾಗಿದ್ದವು. ಕಲ್ಯಾಣದಿಂದ ಸಿಂಹಳಕ್ಕೆ, ಬೀದರಿನಿಂದ ಇರಾನಿಗೆ, ತುರ್ಕಿಗೆ, ಈಜಿಪ್ಟಿಗೆ ಓಲೆಗಳು ಹೋಗುತ್ತಿದ್ದವು, ಅಲ್ಲಿಂದ ಮರುಓಲೆಗಳು ಬರುತ್ತಿದ್ದವು. ಇಂದು ಎರಡು ರಾಜ್ಯಗಳ ಅಂಚು ಎನಿಸಿಕೊಂಡಿರುವ ಈ ಸೀಮೆ ಆಗ ದೊಡ್ಡ ಲೋಕವ್ಯವಹಾರಕ್ಕೆ ಮಗ್ಗುಲಲ್ಲಿಯೇ ಇತ್ತು.

ಈ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಖಚಿತವಾದ ಮಾತೊಂದನ್ನು ಮೊದಲೇ ಹೇಳಿಬಿಡುತ್ತೇನೆ. ದೂರದ ಎರಡು ದೇಶಗಳ ಸ್ನೇಹವನ್ನು ದೂರ ಕೆಡಿಸಲಿಲ್ಲ. ಸಮುದ್ರ, ಮರುಭೂಮಿ, ಘಟ್ಟಗಳು ತಡಮಾಡಿದವು, ಜೀವವನ್ನೂ ತೆಗೆದವು, ಆದರೂ ಜನ ದಾಟಿದರು. ಕೆಟ್ಟದ್ದು ನಡುವೆ ಕುಳಿತವರ ಹೊಟ್ಟೆಕಿಚ್ಚಿನಿಂದ, ಚಾಡಿಯಿಂದ, ಕಳ್ಳಓಲೆಯಿಂದ. ಉಳಿದದ್ದೂ ನಡುವಿನವರಿಂದಲೇ: ದಾರಿ ಬಿಟ್ಟುಕೊಟ್ಟವರಿಂದ, ಎರಡೂ ಕಡೆಯ ಬರಹ ಓದಬಲ್ಲವರಿಂದ. ಗಡಿಯಲ್ಲಿ ಬದುಕುವ ನಮಗೆ ಇದು ಬಹಳ ಹತ್ತಿರದ ಮಾತು.

ದೂತನ ಮೂರು ಬಗೆ

ರಾಯಭಾರಿ ಎಂದರೆ ಯಾರು ಎಂಬುದಕ್ಕೆ ಉತ್ತರ ಕಲ್ಯಾಣದಲ್ಲಿಯೇ ಸಿಗುತ್ತದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ. ಅವನ ಕಾಲದಲ್ಲಿ ಅಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಆಸ್ತಿ ಪಾಲಿನ ವ್ಯಾಜ್ಯಗಳಲ್ಲಿ ಬ್ರಿಟಿಷರ ಕಾಲದ ನ್ಯಾಯಾಲಯಗಳೂ ಅದನ್ನೇ ಪ್ರಮಾಣವಾಗಿ ಹಿಡಿದವು, ಹಾಗಾಗಿ ವಕೀಲರೆಲ್ಲರಿಗೂ ಆ ಹೆಸರು ಗೊತ್ತು. ಅದೇ ಗ್ರಂಥ ರಾಜಧರ್ಮದ ಭಾಗದಲ್ಲಿ ದೂತರನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ದೇಶ ಕಾಲ ನೋಡಿಕೊಂಡು ತಾನೇ ಮಾತು ಮುಗಿಸಿ ಬರುವ ಅಧಿಕಾರವುಳ್ಳವನು ನಿಸೃಷ್ಟಾರ್ಥ. ಹೇಳಿ ಕಳಿಸಿದ್ದನ್ನಷ್ಟೇ ಹೇಳುವವನು ಸಂದಿಷ್ಟಾರ್ಥ. ರಾಜನ ಓಲೆಯನ್ನು ತಲುಪಿಸುವವನು ಶಾಸನಹರ. ಇಂದಿನ ವಿದೇಶಾಂಗ ಇಲಾಖೆಗಳಲ್ಲಿಯೂ ಪೂರ್ಣಾಧಿಕಾರದ ಪ್ರತಿನಿಧಿ, ಸಂದೇಶ ಒಯ್ಯುವ ದೂತ, ಪತ್ರವಾಹಕ ಎಂಬ ಭೇದ ಉಳಿದೇ ಇದೆ.

ಈ ಕೆಲಸದ ಮೇಲ್ವಿಚಾರಣೆಗೆ ಸಂಧಿವಿಗ್ರಹಿ ಎಂಬ ಅಧಿಕಾರಿಯಿದ್ದ. ಯುದ್ಧ, ಒಪ್ಪಂದ, ಹೊರರಾಜ್ಯಗಳ ಪತ್ರವ್ಯವಹಾರ ಎಲ್ಲವೂ ಅವನ ಕೈಯಲ್ಲಿ. ಚಾಲುಕ್ಯರ ಶಾಸನಗಳಲ್ಲಿ ಮಹಾಸಂಧಿವಿಗ್ರಹಿ ಎಂಬ ಹಿರಿಯ ಪದವಿ ಕಾಣುತ್ತದೆ. ಕನ್ನಡ ಸಂಧಿವಿಗ್ರಹಿ, ಲಾಳ ಸಂಧಿವಿಗ್ರಹಿ ಎಂದು ಸೀಮೆಗೊಬ್ಬರಂತೆ ಬೇರೆ ಬೇರೆ ಅಧಿಕಾರಿಗಳೂ ಕಾಣುತ್ತಾರೆ. ಲಾಳ ಎಂದರೆ ಗುಜರಾತದ ಕಡೆಯ ಲಾಟದೇಶ. ಆ ಸೀಮೆಯ ವ್ಯವಹಾರಕ್ಕೆ ಆ ಸೀಮೆಯನ್ನು ಬಲ್ಲವನೇ ಬೇಕು ಎಂದು 900 ವರ್ಷಗಳ ಹಿಂದೆಯೇ ಕಲ್ಯಾಣ ಕಂಡುಕೊಂಡಿತ್ತು. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಸಂಧಿವಿಗ್ರಹಿಗೆ ಹಲವು ಲಿಪಿ, ಹಲವು ಭಾಷೆ ತಿಳಿದಿರಬೇಕು ಎನ್ನುತ್ತಾನೆ. ಖಡ್ಗ ಹಿಡಿಯುವವರಿಗೆ ಬರವಿಲ್ಲದ ಕಾಲದಲ್ಲಿ ಅರಸನೊಬ್ಬ ಭಾಷೆ ಬಲ್ಲವನನ್ನು ಹುಡುಕುತ್ತಿದ್ದ.

ಪುಲಕೇಶಿಯ ಓಲೆ

ಕಲ್ಯಾಣಕ್ಕಿಂತ ಹಿಂದೆ ಬಾದಾಮಿಯ ಕಾಲದ ಒಂದು ಸಂಗತಿಯಿದೆ. ಅರಬ್ಬೀ ಚರಿತ್ರಕಾರ ತಬರಿ ಪರ್ಷಿಯಾದ ಎರಡನೆಯ ಖುಸ್ರೋ ದೊರೆಯ ಆಳ್ವಿಕೆಯ 36ನೆಯ ವರ್ಷದಲ್ಲಿ, ಅಂದರೆ ಕ್ರಿ.ಶ. 625–26ರಲ್ಲಿ, ಹಿಂದೂಸ್ತಾನದ ಅರಸನ ದೂತರು ಕಾಣಿಕೆ ಸಹಿತ ಬಂದರೆಂದು ಬರೆದಿದ್ದಾನೆ. ಆ ಅರಸ ಇಮ್ಮಡಿ ಪುಲಕೇಶಿ ಎಂದು ಅನೇಕ ವಿದ್ವಾಂಸರು ಗುರುತಿಸಿದ್ದಾರೆ. ಎಲ್ಲರೂ ಒಪ್ಪಿಲ್ಲವಾದರೂ ಆ ಕಾಲದಲ್ಲಿ ದಕ್ಷಿಣಾಪಥದಿಂದ ಅಷ್ಟು ದೂರ ಕೈಚಾಚಬಲ್ಲ ದೊರೆ ಅವನೇ.

ದೂತರು ಖುಸ್ರೋವಿಗೆ ಒಂದು ಓಲೆ, ಅವನ ಮಕ್ಕಳಿಗೆ ಬೇರೆ ಓಲೆಗಳನ್ನು ತಂದಿದ್ದರು. ಮಗ ಶೀರೂಯನಿಗೆ ಬಂದದ್ದರ ಮೇಲೆ ಗುಟ್ಟೆಂದು ಬರೆದಿತ್ತು. ತಂದೆಗೆ ಅನುಮಾನ ಬಂತು. ಆಸ್ಥಾನದಲ್ಲಿದ್ದ ಹಿಂದೂಸ್ತಾನದ ಲಿಪಿಕಾರನನ್ನು ಕರೆಸಿ ಮುದ್ರೆ ಒಡೆಸಿ ಓದಿಸಿದ. ಇನ್ನೆರಡು ವರ್ಷದಲ್ಲಿ ನೀನೇ ದೊರೆಯಾಗುವೆ ಎಂಬ ಭವಿಷ್ಯ ಅದರಲ್ಲಿತ್ತು. 628ರಲ್ಲಿ ಹಾಗೆಯೇ ಆಯಿತು. ಮಗ ಪಟ್ಟವೇರಿದ, ತಂದೆ ಸೆರೆಯಲ್ಲಿ ಸತ್ತ. ಓಲೆಯಲ್ಲಿ ನಿಜವಾಗಿ ಏನಿತ್ತೋ, ಕಥೆ ಎಷ್ಟು ಬೆಳೆಯಿತೋ, ಅದನ್ನು ಚರ್ಚೆಗೆ ಬಿಡೋಣ. ನಮ್ಮ ಲಿಪಿಯನ್ನು ಓದಬಲ್ಲ ಒಬ್ಬ ಗುಮಾಸ್ತ ಪರ್ಷಿಯಾದ ಅರಮನೆಯಲ್ಲಿ ಕೂಗಳತೆಯಲ್ಲಿಯೇ ಇದ್ದ ಎಂಬುದು ನನಗೆ ಎಲ್ಲಕ್ಕಿಂತ ದೊಡ್ಡ ಸಂಗತಿ. ಚರಿತ್ರೆ ಅವನ ಹೆಸರನ್ನು ಉಳಿಸಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ನಮ್ಮ ಮರಾಠವಾಡದ ಅಜಂತಾದ ಒಂದನೆಯ ಗುಹೆಯ ಚಿತ್ರವೊಂದನ್ನು ಪುಲಕೇಶಿಯ ಸಭೆಗೆ ಬಂದ ಪರ್ಷಿಯಾದ ರಾಯಭಾರಿಯ ಚಿತ್ರವೆಂದು ಪಠ್ಯಪುಸ್ತಕಗಳು ಬಹುಕಾಲ ಕಲಿಸಿದವು. 1879ರಲ್ಲಿ ಬ್ರಿಟಿಷ್ ವಿದ್ವಾಂಸ ಫರ್ಗುಸನ್ ಮಾಡಿದ ಊಹೆ ಅದು. ಆ ಗುಹೆ ಐದನೆಯ ಶತಮಾನದ ವಾಕಾಟಕ ಹರಿಷೇಣನ ಕಾಲದ್ದೆಂದು ಇಂದಿನ ಬಹುಪಾಲು ಸಂಶೋಧಕರು ಹೇಳುತ್ತಾರೆ. ಹಾಗಿದ್ದರೆ ಪುಲಕೇಶಿ ಆಗ ಹುಟ್ಟಿಯೇ ಇರಲಿಲ್ಲ. ಅಭಿಮಾನಕ್ಕಾಗಿ ಹಳೆಯ ಮಾತಿಗೆ ಜೋತುಬೀಳುವುದು ಬೇಡ. ತಬರಿಯ ಬರಹವೊಂದೇ ಸಾಕಷ್ಟು ಗಟ್ಟಿಯಾಗಿದೆ.

ಸಿಂಹಳದ ದೂತರಿಗೆ ಆದ ಅನ್ಯಾಯ

ಈಗ ಕಲ್ಯಾಣಕ್ಕೆ ಬರೋಣ. ಸಿಂಹಳದಲ್ಲಿ ಒಂದನೆಯ ವಿಜಯಬಾಹು 1070ರ ಹೊತ್ತಿಗೆ ಚೋಳರನ್ನು ಹೊರಗಟ್ಟಿ ಪೊಲನ್ನರುವದಿಂದ ಆಳುತ್ತಿದ್ದ. ಇತ್ತ ವಿಕ್ರಮಾದಿತ್ಯನಿಗೂ ಕುಲೋತ್ತುಂಗ ಚೋಳನಿಗೂ ಎಣ್ಣೆ ಸೀಗೆಕಾಯಿ. ಚೋಳರ ಆಚೆಗೊಬ್ಬ, ಈಚೆಗೊಬ್ಬ. ಇಬ್ಬರೂ ಸ್ನೇಹ ಬಯಸಿದ್ದು ಸಹಜ. ಸಿಂಹಳದ ಪಾಲಿ ಚರಿತ್ರೆ ‘ಚೂಳವಂಸ’ ಮುಂದಿನದನ್ನು ಹೇಳುತ್ತದೆ.

ಕರ್ಣಾಟದ ಅರಸನ ದೂತರು ಕಾಣಿಕೆ ಹೊತ್ತು ವಿಜಯಬಾಹುವಿನ ಬಳಿಗೆ ಹೋದರು. ಚೋಳನ ದೂತರೂ ಅದೇ ವೇಳೆಗೆ ಹೋಗಿದ್ದರು. ವಿಜಯಬಾಹು ಇಬ್ಬರನ್ನೂ ಆದರಿಸಿ, ಮೊದಲು ಕರ್ಣಾಟದ ದೂತರ ಜೊತೆಯಲ್ಲಿ ತನ್ನ ದೂತರನ್ನು ಉಡುಗೊರೆ ಕೊಟ್ಟು ಕಳಿಸಿದ. ಕಲ್ಯಾಣಕ್ಕೆ ಬರುವ ದಾರಿ ಚೋಳನಾಡಿನ ಮೇಲೆ ಹಾದಿತ್ತು. ಅಲ್ಲಿ ಚೋಳರು ಸಿಂಹಳದ ದೂತರ ಮೂಗು ಕಿವಿ ಕೊಯ್ದು ಹಿಂದಕ್ಕಟ್ಟಿದರು.

ರಕ್ತ ಸುರಿಸುತ್ತ ಮರಳಿದ ತನ್ನವರನ್ನು ಕಂಡ ವಿಜಯಬಾಹು ಕೆರಳಿದ. ಸಭೆಯಲ್ಲಿದ್ದ ಚೋಳ ದೂತರನ್ನು ಕರೆಸಿ, ನಿಮ್ಮ ದೊರೆ ನನ್ನೊಡನೆ ದ್ವಂದ್ವಯುದ್ಧಕ್ಕೆ ಬರಲಿ, ಇಲ್ಲವೇ ಸೈನ್ಯ ಕೂಡಿಸಿ ಎದುರಾಗಲಿ ಎಂದು ಸವಾಲು ಹಾಕಿದ. ಅವರಿಗೆ ಹೆಂಗಸರ ಉಡುಪು ತೊಡಿಸಿ ಕಳಿಸಿದ. ಹಡಗುಗಟ್ಟೆಗಳಿಗೆ ದಂಡು ಹೊರಡಿಸಿದ. ಆ ದಂಡಿನಲ್ಲಿದ್ದ ವೇಳೈಕ್ಕಾರರೆಂಬ ತಮಿಳು ಕೂಲಿ ಸೈನಿಕರು ಚೋಳರ ಮೇಲೆ ಕತ್ತಿ ಎತ್ತಲೊಪ್ಪದೆ ದಂಗೆಯೆದ್ದು ದಂಡನಾಯಕರನ್ನು ಕೊಂದರು, ಪೊಲನ್ನರುವದ ಅರಮನೆಗೆ ಬೆಂಕಿಯಿಟ್ಟರು. ಅರಸನೇ ರಾಜಧಾನಿ ಬಿಟ್ಟು ಓಡಿ, ಮತ್ತೆ ಬಲ ಕೂಡಿಸಿ ಬಂದು ದಂಗೆ ಅಡಗಿಸಬೇಕಾಯಿತು.

ಕಲ್ಯಾಣ, ಪೊಲನ್ನರುವ ಇವೆರಡಕ್ಕೂ ತಮ್ಮೊಳಗೆ ಯಾವ ಜಗಳವೂ ಇರಲಿಲ್ಲ. ಇಷ್ಟೆಲ್ಲ ಅನಾಹುತ ನಡೆದದ್ದು ನಡುವಿನ ರಾಜ್ಯ ದೂತನ ಮೈಮೇಲೆ ಕೈಮಾಡಿದ್ದರಿಂದ. ದೂತ ಅವಧ್ಯ ಎಂಬ ನೀತಿ ರಾಮಾಯಣದಲ್ಲಿ ವಿಭೀಷಣ ಹನುಮಂತನ ಪರವಾಗಿ ಎತ್ತಿಹಿಡಿದ ನೀತಿ. ಎಲ್ಲ ಆಸ್ಥಾನಗಳಿಗೂ ಅದು ಗೊತ್ತಿತ್ತು. ಗೊತ್ತಿದ್ದೂ ಮುರಿದರು. ದೂತರ ರಕ್ಷಣೆಗೆ ಜಗತ್ತಿನ ದೇಶಗಳು ವಿಯೆನ್ನಾದಲ್ಲಿ ಒಪ್ಪಂದ ಬರೆದುಕೊಂಡದ್ದು 1961ರಲ್ಲಿ. ಮೂರನೆಯ ದೇಶದ ಮೇಲೆ ಹಾದುಹೋಗುವ ರಾಯಭಾರಿಗೂ ರಕ್ಷಣೆ ಕೊಡಬೇಕೆಂದು ಅದರಲ್ಲಿ ಬೇರೆಯೇ ಒಂದು ವಿಧಿಯಿದೆ. ಆ ಸಿಂಹಳದ ದೂತರಿಗೆ ಸಿಗದೆ ಹೋದದ್ದು ಅದೇ.

ಬೀದರಿನ ಪತ್ರಗಳು

ಬಹಮನಿ ಫಿರೋಜ್ ಷಾ 1397ರಿಂದ 1422ರವರೆಗೆ ಕಲಬುರಗಿಯಿಂದ ಆಳಿದ. ದೇಶ ದೇಶಗಳ ವಿದ್ವಾಂಸರನ್ನು ಕರೆತರಲು ಅವನು ಪಶ್ಚಿಮ ಕರಾವಳಿಯ ಬಂದರುಗಳಿಂದ ಹಡಗು ಕಳಿಸುತ್ತಿದ್ದನೆಂದೂ, ತೈಮೂರನ ಬಳಿಗೆ ದೂತರನ್ನು ಅಟ್ಟಿದ್ದನೆಂದೂ ಚರಿತ್ರಕಾರ ಫೆರಿಷ್ತಾ ಬರೆಯುತ್ತಾನೆ. ಅವನ ನಂತರ ಬಂದ ಅಹ್ಮದ್ ಷಾ ರಾಜಧಾನಿಯನ್ನು ಬೀದರಿಗೆ ತಂದ. ಅವನು ದೂತರನ್ನು ಕಳಿಸಿದ್ದು ದೊರೆಯ ಬಳಿಗಲ್ಲ, ಒಬ್ಬ ಸಂತನ ಬಳಿಗೆ. ಇರಾನಿನ ಕಿರ್ಮಾನ್ ಹತ್ತಿರದ ಮಾಹಾನ್ ಎಂಬಲ್ಲಿ ಷಾ ನಿಯಾಮತುಲ್ಲಾ ವಲಿ ಇದ್ದರು. ಬೀದರಿನ ಕೋರಿಕೆಗೆ ಅವರು ಮೊದಲು ಶಿಷ್ಯನನ್ನು, ಆಮೇಲೆ ಮೊಮ್ಮಗ ನೂರುಲ್ಲಾನನ್ನು ಕಳಿಸಿದರು. 1431ರಲ್ಲಿ ಅವರು ತೀರಿಕೊಂಡ ಮೇಲೆ ಮಗ ಖಲೀಲುಲ್ಲಾ ಕೂಡ ಇಲ್ಲಿಗೆ ಬಂದರು. ಅಷ್ಟೂರಿನ ದಾರಿಯಲ್ಲಿರುವ ಎಂಟು ಮೂಲೆಯ ಚೌಖಂಡಿ ಅವರ ಸಮಾಧಿ. ಮಾಹಾನಿನಲ್ಲಿ ನಿಯಾಮತುಲ್ಲಾರ ಗೋರಿಯ ಮೇಲೆ ಎದ್ದ ಕಟ್ಟಡಕ್ಕೆ ಹಣ ಹೋದದ್ದು ಬೀದರಿನಿಂದ, 1436ರಲ್ಲಿ. ಇರಾನಿಗರು ಇಂದಿಗೂ ಅಲ್ಲಿಗೆ ಯಾತ್ರೆ ಹೋಗುತ್ತಾರೆ.

ಅದೇ ಅಹ್ಮದ್ ಷಾನ ಗುಮ್ಮಟ ಅಷ್ಟೂರಿನಲ್ಲಿದೆ. ಅದರ ಉರುಸಿಗೆ ಕಲಬುರಗಿ ಕಡೆಯ ಮಾಡಿಯಾಳದ ಜಂಗಮರು ನಡೆದು ಬರುತ್ತಾರೆ. ಸುಲ್ತಾನನನ್ನು ವಲಿ ಎಂದು ಮುಸಲ್ಮಾನರು, ಅಲ್ಲಮಪ್ರಭುವಿನ ರೂಪವೆಂದು ಲಿಂಗಾಯತರು ನಂಬುತ್ತ ಬಂದಿದ್ದಾರೆ. ರಾಜರ ನಡುವಿನ ಸಂಬಂಧ ರಾಜರೊಡನೆ ಮುಗಿಯುತ್ತದೆ. ಜನ ಕೈಗೆತ್ತಿಕೊಂಡ ಸಂಬಂಧ ಆರುನೂರು ವರ್ಷ ಉಳಿಯುತ್ತದೆ.

ಬೀದರಿನ ಪತ್ರವ್ಯವಹಾರಕ್ಕೆ ಕಳಶವಿಟ್ಟವನು ಮಹಮೂದ್ ಗವಾನ್. ಕಾಸ್ಪಿಯನ್ ಸಮುದ್ರದ ದಂಡೆಯ ಗೀಲಾನಿನಿಂದ ವ್ಯಾಪಾರಿಯಾಗಿ ಬಂದು ಬಹಮನಿಯ ಪ್ರಧಾನಿಯಾದವನು. 1472ರ ಹೊತ್ತಿಗೆ ಅವನು ಕಟ್ಟಿಸಿದ ಮದ್ರಸಾ, ಬಣ್ಣದ ಹೆಂಚುಗಳ ಆ ಮಿನಾರು, ನಿಮ್ಮಲ್ಲಿ ನೋಡದವರು ಕಡಿಮೆ. ಅವನು ಪಾರ್ಸಿಯಲ್ಲಿ ಬರೆದ ನೂರಕ್ಕೂ ಹೆಚ್ಚು ಪತ್ರಗಳು ‘ರಿಯಾಜುಲ್ ಇನ್ಷಾ’ ಎಂಬ ಸಂಕಲನದಲ್ಲಿ ಉಳಿದಿವೆ. 1948ರಲ್ಲಿ ಹೈದರಾಬಾದಿನಲ್ಲಿ ಅದು ಅಚ್ಚಾಯಿತು. ಕಾನ್‌ಸ್ಟಾಂಟಿನೋಪಲ್ ಗೆದ್ದ ಆಟೊಮನ್ ಸುಲ್ತಾನ ಎರಡನೆಯ ಮೆಹಮದ್, ಈಜಿಪ್ಟಿನ ಸುಲ್ತಾನ, ಗೀಲಾನಿನ ಅರಸ, ಹೆರಾತಿನ ಕವಿ ಜಾಮಿ ಇವರಿಗೆಲ್ಲ ಬರೆದ ಪತ್ರಗಳು ಅದರಲ್ಲಿವೆ. ಬೀದರಿನ ಒಂದು ಕೋಣೆಯಲ್ಲಿ ಕುಳಿತವನಿಗೆ ಯುರೋಪಿನ ಅಂಚಿನ ರಾಜಕಾರಣವೂ ಖುರಾಸಾನಿನ ಕಾವ್ಯವೂ ಒಂದೇ ಬೈಠಕ್ಕಿನ ವಿಷಯಗಳಾಗಿದ್ದವು.

ಅವನ ಕಾಲದಲ್ಲಿಯೇ ರಷ್ಯಾದ ತ್ವೆರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ ಬೀದರಿಗೆ ಬಂದ. ಅವನು ರಾಯಭಾರಿಯಲ್ಲ. ಆದರೆ ಹೊರಡುವಾಗ ದಾರಿಯ ಭಯಕ್ಕೆ ಶಿರ್ವಾನ್ ದೊರೆಯ ರಾಯಭಾರಿಯ ಜೊತೆ ಸೇರಿಕೊಂಡಿದ್ದ. ವೋಲ್ಗಾ ನದಿಯಲ್ಲಿ ದರೋಡೆಗಾರರು ಇಬ್ಬರನ್ನೂ ದೋಚಿದರು. ಅಷ್ಟಾದರೂ ಅವನು ಇಲ್ಲಿಯವರೆಗೆ ಬಂದು ಉಮರ್ಗಾದ ಮಗ್ಗುಲ ಆಳಂದದ ಜಾತ್ರೆಯನ್ನು ವರ್ಣಿಸಿದ್ದಾನೆ. ಅಲ್ಲಿ 20,000 ಕುದುರೆಗಳು ಮಾರಾಟಕ್ಕೆ ಬರುತ್ತವೆ ಎಂದು ಬರೆದಿದ್ದಾನೆ.

ಗವಾನನ ಕೊನೆ ಕರುಳು ಹಿಂಡುವಂಥದ್ದು. ಅವನ ಏಳಿಗೆ ಸಹಿಸದ ಸರದಾರರು ಅವನ ಮುದ್ರೆ ಕಾಯುವ ಗುಲಾಮನನ್ನು ಮತ್ತಿನಲ್ಲಿ ಕೆಡವಿ ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡರು. ಒಡಿಶಾದ ದೊರೆಯನ್ನು ದಂಡೆತ್ತಿ ಬರುವಂತೆ ಕರೆಯುವ ಪತ್ರವನ್ನು ಅದರ ಮೇಲೆ ಬರೆದು ಸುಲ್ತಾನನ ಮುಂದೆ ಹಿಡಿದರು. ಮುದ್ರೆ ನನ್ನದು, ಬರಹ ನನ್ನದಲ್ಲ ಎಂಬ ಮುದುಕನ ಮಾತಿಗೆ ಸುಲ್ತಾನ ಕಿವಿಗೊಡಲಿಲ್ಲ. 1481ರ ಏಪ್ರಿಲ್ 5ರಂದು ಕೊಂಡಪಲ್ಲಿಯ ಬಿಡಾರದಲ್ಲಿ ತಲೆ ಹೊಡೆಸಿದ. ಆ ರಾಜ್ಯವೂ ಹೆಚ್ಚು ದಿನ ನಿಲ್ಲದೆ ಐದು ಹೋಳಾಯಿತು.

ದಿನಕ್ಕೆ ಎರಡು ಕುರಿ, ಎರಡು ವರಹ

ರಾಯಭಾರಿಯ ನಿತ್ಯದ ಬದುಕು ಹೇಗಿತ್ತು ಎಂಬುದಕ್ಕೆ ಅಬ್ದುರ್ ರಜಾಕನಷ್ಟು ಒಳ್ಳೆಯ ಸಾಕ್ಷಿ ಇನ್ನೊಬ್ಬನಿಲ್ಲ. ಹೆರಾತಿನ ಷಾರುಖ್ ದೊರೆ 1442ರಲ್ಲಿ ಅವನನ್ನು ಕೋಳಿಕ್ಕೋಡಿಗೆ ಕಳಿಸಿದ. ವಿಜಯನಗರದ ಇಮ್ಮಡಿ ದೇವರಾಯನಿಂದ ಕರೆ ಬಂದಾಗ ಕೋಳಿಕ್ಕೋಡಿನ ದೊರೆ ಸಾಮೂದಿರಿ ತಡೆಯದೆ ಬಿಟ್ಟುಕೊಟ್ಟ. ಮಂಗಳೂರಿನವರೆಗೆ ಹಡಗು, ಅಲ್ಲಿಂದ ಘಟ್ಟದ ದಾರಿ. 1443ರ ಏಪ್ರಿಲ್ ಹೊತ್ತಿಗೆ ಅವನು ವಿಜಯನಗರದಲ್ಲಿದ್ದ.

ಅವನಿಗೆ ಗೊತ್ತುಮಾಡಿದ ದಿನದ ಪಡಿ ಹೀಗಿತ್ತು: ಎರಡು ಕುರಿ, ನಾಲ್ಕು ಜೋಡಿ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಎರಡು ಚಿನ್ನದ ವರಹ. ವಾರಕ್ಕೆ ಎರಡು ಸಲ ಸಂಜೆಯ ಹೊತ್ತು ಅರಸನ ಭೇಟಿ. ಪ್ರತಿ ಭೇಟಿಗೆ ವೀಳ್ಯ, ಹಣದ ಚೀಲ, ಕರ್ಪೂರ. ಮಹಾನವಮಿಯ ವೈಭವವನ್ನು ಅವನು ಕಣ್ಣಾರೆ ಕಂಡು ಬರೆದ.

ಅಷ್ಟರಲ್ಲಿ ಹೊರ್ಮುಜಿನ ಕಡೆಯ ಕೆಲವರು ಚಾಡಿ ಹೇಳಿದರು. ಇವನು ದೊರೆಯ ರಾಯಭಾರಿಯೇ ಅಲ್ಲ, ಫರ್ಮಾನು ಹಿಡಿದು ತಿರುಗುವ ವ್ಯಾಪಾರಿ ಎಂದು ಹಬ್ಬಿಸಿದರು. ಪಡಿ ನಿಂತಿತು, ಮರ್ಯಾದೆ ತಗ್ಗಿತು. ದೇವರಾಯ ಅವನನ್ನು ಸೆರೆಗೆ ಹಾಕಲಿಲ್ಲ, ಅವಮಾನಿಸಲಿಲ್ಲ. ಗೌರವದಿಂದಲೇ ಬೀಳ್ಕೊಟ್ಟು ತನ್ನ ಕಡೆಯ ಇಬ್ಬರು ದೂತರನ್ನೂ ಜೊತೆಗೆ ಕಳಿಸಿದ. ಅನುಮಾನ ಬಂದಾಗಲೂ ದೂತನ ದಾರಿಯನ್ನು ಮುಚ್ಚದ ದೇವರಾಯನನ್ನು ನಾನು ದೊಡ್ಡ ಅರಸ ಎನ್ನುತ್ತೇನೆ.

ಬೀದರಿನಲ್ಲಿ ಇದರ ತದ್ವಿರುದ್ಧ ನಡೆದದ್ದೂ ಉಂಟು. ಬಹಮನಿ ಕುಸಿದ ಮೇಲೆ ಬರೀದ್ ಷಾಹಿಗಳು ತಲೆಯೆತ್ತಿದರು. ಉದಗೀರ, ಔಸಾ, ಕಂಧಾರಗಳು ಆ ಮನೆತನದ ಮೂಲ ಜಹಗೀರು. 1519ರ ಸುಮಾರಿಗೆ ಪರ್ಷಿಯಾದ ಷಾ ಇಸ್ಮಾಯಿಲನ ರಾಯಭಾರಿ ಬಿಜಾಪುರಕ್ಕೆ ಹೊರಟಿದ್ದ. ಅಮೀರ್ ಬರೀದ್ ಅವನನ್ನು ಬೀದರಿನಲ್ಲಿಯೇ ತಡೆದಿಟ್ಟ. ಬಿಜಾಪುರದ ಇಸ್ಮಾಯಿಲ್ ಆದಿಲ್ ಷಾ ಪಟ್ಟು ಹಿಡಿದ ಮೇಲೆಯೇ ಬಿಡುಗಡೆಯಾಯಿತು. ಪರ್ಷಿಯಾ ತನ್ನನ್ನು ಸ್ವತಂತ್ರ ದೊರೆಯೆಂದು ಮನ್ನಿಸಿತು ಎಂಬ ಸಂತೋಷಕ್ಕೆ ಆದಿಲ್ ಷಾ ತನ್ನ ಸರದಾರರಿಗೆ ಪರ್ಷಿಯಾದ ಕೆಂಪು ಟೊಪ್ಪಿಗೆ ತೊಡಿಸಿದ. ಆ ಗೌರವ ಬಿಜಾಪುರಕ್ಕೆ ತಡವಾಗಿ ತಲುಪಲು ಕಾರಣ ಪರ್ಷಿಯಾದ ಸಮುದ್ರವಲ್ಲ, ನಮ್ಮ ಪಕ್ಕದ ಕೋಟೆ.

ಉದಗೀರದ ಕೋಟೆಯೂ ಒಪ್ಪಂದಗಳನ್ನು ಕಂಡಿದೆ. 1636ರಲ್ಲಿ ಷಹಜಹಾನನಿಗೂ ಬಿಜಾಪುರಕ್ಕೂ ಆದ ಒಡಂಬಡಿಕೆಯ ವರ್ಷವೇ ಉದಗೀರ, ಔಸಾ ಮೊಗಲರ ವಶವಾದವು. 1760ರ ಫೆಬ್ರುವರಿಯಲ್ಲಿ ಪೇಶ್ವೆಯ ಸೇನಾಪತಿ ಸದಾಶಿವರಾವ್ ಭಾವೂ ಇಲ್ಲಿ ನಿಜಾಮನನ್ನು ಸೋಲಿಸಿ, 60 ಲಕ್ಷ ರೂಪಾಯಿ ಹುಟ್ಟುವಳಿಯ ಸೀಮೆಯನ್ನು ಸಂಧಾನದಲ್ಲಿ ಬರೆಸಿಕೊಂಡ. ಮರುವರ್ಷ ಪಾಣಿಪತದಲ್ಲಿ ಅವನೇ ಮಡಿದ.

ಕೊನೆಯದಾಗಿ ಟಿಪ್ಪು. 1786ರಲ್ಲಿ ಉತ್ತರ ಕನ್ನಡದ ತದಡಿ ಬಂದರಿನಿಂದ ಅವನ ರಾಯಭಾರ ಕಾನ್‌ಸ್ಟಾಂಟಿನೋಪಲ್‌ಗೆ ಹೊರಟಿತು. ನಾಲ್ಕು ಹಡಗು, ಸುಮಾರು 900 ಜನ. ರೋಗ ರುಜಿನ, ಹಡಗಿನ ಅಪಘಾತಗಳಿಂದ ಮರಳಿ ಬಂದವರು ಬೆರಳೆಣಿಕೆಯಷ್ಟು. ಇನ್ನೊಂದು ರಾಯಭಾರ 1788ರ ಆಗಸ್ಟ್ 10ರಂದು ವರ್ಸೈಲ್ಸಿನಲ್ಲಿ ಹದಿನಾರನೆಯ ಲೂಯಿಯನ್ನು ಕಂಡಿತು. ಮರುವರ್ಷ ಫ್ರಾನ್ಸಿನಲ್ಲಿ ಕ್ರಾಂತಿಯಾಯಿತು. ಕೈಗೆ ಹತ್ತಿದ್ದು ಕಡಿಮೆ. ಆದರೂ ಅಷ್ಟು ಜನ ಜೀವ ಪಣಕ್ಕಿಟ್ಟು ಹೋದರು. ಅವರನ್ನು ನೆನೆಯದೆ ಕನ್ನಡನಾಡಿನ ರಾಯಭಾರದ ಚರಿತ್ರೆ ಪೂರ್ತಿಯಾಗದು.

ನಮ್ಮ ಪಾಲಿನ ಕೆಲಸ

ಹೈದರಾಬಾದ್ ರಾಜ್ಯದಲ್ಲಿ ನಿಲಂಗಾ, ಉದಗೀರಗಳು ಬೀದರ್ ಜಿಲ್ಲೆಯಲ್ಲಿದ್ದವು, ಉಮರ್ಗಾ ಇಂದಿನ ಧಾರಾಶಿವವಾದ ಉಸ್ಮಾನಾಬಾದಿನಲ್ಲಿತ್ತು. 1956ರ ನವೆಂಬರ್ 1ರಂದು ಬೀದರಿನ ಆ ತಾಲ್ಲೂಕುಗಳು ಮುಂಬಯಿ ರಾಜ್ಯ ಸೇರಿದವು, 1982ರಿಂದ ಲಾತೂರು ಜಿಲ್ಲೆಯಲ್ಲಿವೆ. ಗೆರೆ ಎಲ್ಲಿ ಬೀಳಬೇಕಿತ್ತು ಎಂಬ ವಾದಕ್ಕೆ ನಾನು ಇಂದು ಹೋಗುವುದಿಲ್ಲ. ಗೆರೆಯ ಎರಡೂ ಬದಿಯಲ್ಲಿ ನಡುವಿನವರಾಗಿ ಬದುಕುತ್ತಿರುವವರು ನಾವು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಪೇಟೆಯಲ್ಲಿ ಹಿಂದಿ ಉರ್ದು. ಸೋಮೇಶ್ವರ ತನ್ನ ಸಂಧಿವಿಗ್ರಹಿಯಲ್ಲಿ ಹುಡುಕಿದ ಗುಣ ಇಲ್ಲಿನ ಕಿರಾಣಿ ಅಂಗಡಿಯವನಲ್ಲಿಯೂ ಇದೆ.

ನನ್ನ ಕೋರಿಕೆ ಮೂರು. ಲಾತೂರು, ಧಾರಾಶಿವ ಜಿಲ್ಲೆಗಳಲ್ಲಿ ಕನ್ನಡ ಶಾಸನಗಳು ಸಿಕ್ಕಿವೆ. ನಿಮ್ಮೂರಿನ ಗುಡಿಯ ಅಂಗಳದಲ್ಲಿ, ಬಾವಿಯ ಕಟ್ಟೆಯಲ್ಲಿ ಬರಹವಿರುವ ಕಲ್ಲು ಕಂಡರೆ ಅದಕ್ಕೆ ಸುಣ್ಣ, ಬಣ್ಣ, ಸಿಮೆಂಟು ಬಳಿಯಲು ಬಿಡಬೇಡಿ. ಫೋಟೊ ತೆಗೆದು ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೆ ತಿಳಿಸಿ. ಎರಡನೆಯದು, ದೇಶಮುಖ, ದೇಶಪಾಂಡೆ, ಕುಲಕರ್ಣಿ ಮನೆತನಗಳ ಅಟ್ಟದ ಮೇಲೆ ಮೋಡಿ, ಪಾರ್ಸಿ ಕಾಗದಗಳ ಗಂಟುಗಳು ಇನ್ನೂ ಇವೆ. ರದ್ದಿಗೆ ಹಾಕುವ ಮುನ್ನ ಓದಬಲ್ಲವರಿಗೆ ತೋರಿಸಿ. ಊರಿಗೊಬ್ಬ ಹುಡುಗನೋ ಹುಡುಗಿಯೋ ಮೋಡಿ ಲಿಪಿ ಕಲಿಯಲಿ. ಮೂರನೆಯದು, ಮಕ್ಕಳಿಗೆ ಎರಡೂ ಭಾಷೆಯಲ್ಲಿ ಓದು ಬರಹ ಗಟ್ಟಿಯಾಗಿ ಕಲಿಸಿ. ಮಾತು ಬಂದರೆ ಸಾಲದು, ಬರೆಯಲು ಬರಬೇಕು. ಈ ಚರಿತ್ರೆ ನಮಗೆ ತಲುಪಿದ್ದು ಬರೆದವರಿಂದ.

ಕಲ್ಯಾಣ ಮತ್ತು ಬೀದರಿನ ದೊರೆಗಳಿಗೆ ದೂರದವರ ಸ್ನೇಹ ಬೇಕಿತ್ತು, ಅದಕ್ಕಾಗಿ ಅವರು ದುಡ್ಡನ್ನೂ ಜನರನ್ನೂ ಖರ್ಚು ಮಾಡಿದರು. ನಡುವಿನವರು ದಾರಿ ಬಿಟ್ಟಾಗ ಆ ಸ್ನೇಹ ಫಲಿಸಿತು, ದಾರಿ ಕಟ್ಟಿದಾಗ ರಕ್ತ ಹರಿಯಿತು. ಕನ್ನಡಕ್ಕೂ ಮರಾಠಿಗೂ ನಡುವೆ ಇಂದು ಕುಳಿತವರು ನಾವು. ಚಾಡಿ ಹೇಳುವ ಕೆಲಸಕ್ಕೆ ಜನ ಎಲ್ಲ ಕಾಲದಲ್ಲಿಯೂ ಸಿಗುತ್ತಾರೆ. ನಾವು ದಾರಿ ಕಾಯುವವರಾಗೋಣ.